ನ್ಯೂ ಆರ್ಲಿಯನ್ಸ್‌ನಲ್ಲಿ ಜಾಝ್ ಕೇಳಲು ಎಲ್ಲಿಗೆ ಹೋಗಬೇಕು?



ಓದಿಗೆಂದೋ ಬಂಧುಗಳನ್ನು ಕಾಣಲೆಂದೋ ಅಮೆರಿಕಕ್ಕೆ ಹೋಗುವವರು ನಿಮ್ಮಲ್ಲಿಯೂ ಇರಬಹುದು. ಹೋದವರು ನಯಾಗರಾ ಜಲಪಾತವನ್ನು ನೋಡದೆ ಬರುವುದಿಲ್ಲ. ಆದರೆ ಆ ದೇಶದ ದಕ್ಷಿಣದಲ್ಲಿ, ಮಿಸಿಸಿಪ್ಪಿ ನದಿಯ ದಂಡೆಯಲ್ಲಿ, ಕಣ್ಣಿಗಿಂತ ಕಿವಿಗೆ ಹೆಚ್ಚು ಕೆಲಸ ಕೊಡುವ ಊರೊಂದಿದೆ. ಅದೇ ನ್ಯೂ ಆರ್ಲಿಯನ್ಸ್, ಜಾಝ್ ಸಂಗೀತದ ತವರು. ಲೂಯಿ ಆರ್ಮ್‌ಸ್ಟ್ರಾಂಗ್ 1901ರಲ್ಲಿ ಹುಟ್ಟಿದ್ದು ಅಲ್ಲಿಯೇ.

ಹೊಸಬರು ಮೊದಲು ಹೋಗುವುದು ಬೂರ್ಬನ್ ಬೀದಿಗೆ. ಬಣ್ಣದ ದೀಪ, ನೂಕುನುಗ್ಗಲು, ಧ್ವನಿವರ್ಧಕದ ಅಬ್ಬರ. ಜಾಝ್ ಮಾತ್ರ ಅಲ್ಲಿ ಕಡಿಮೆ. ಅಲ್ಲಿಂದ ಸೇಂಟ್ ಪೀಟರ್ ಬೀದಿಗೆ ತಿರುಗಿ ಕೆಲವೇ ಹೆಜ್ಜೆ ನಡೆದರೆ ಪ್ರಿಸರ್ವೇಷನ್ ಹಾಲ್ ಸಿಗುತ್ತದೆ. ಹೆಸರು ಕೇಳಿ ದೊಡ್ಡ ಸಭಾಂಗಣವೆಂದುಕೊಳ್ಳಬೇಡಿ. ಹಳೆಯ ಗೋಡೆಗಳ ಸಣ್ಣ ಕೋಣೆ, ಕೆಲವು ಬೆಂಚುಗಳು, ಅಷ್ಟೆ. ಕೆಲಸವಿಲ್ಲದೆ ಮೂಲೆಗುಂಪಾಗಿದ್ದ ವೃದ್ಧ ಕರಿಯ ವಾದಕರಿಗೆ 1961ರಲ್ಲಿ ಈ ಕೋಣೆ ಆಸರೆಯಾಯಿತು. ಕರಿಯರೂ ಬಿಳಿಯರೂ ಒಟ್ಟಿಗೆ ಕೂರುವುದೇ ಕಷ್ಟವಾಗಿದ್ದ ಆ ದಿನಗಳಲ್ಲಿ ಇದು ಸಣ್ಣ ಸಾಹಸವೇನಲ್ಲ.

ಫ್ರೆಂಚ್ ಕ್ವಾರ್ಟರ್ ಬಡಾವಣೆಯನ್ನು ದಾಟಿದರೆ ಫ್ರೆಂಚ್‌ಮೆನ್ ಬೀದಿ. ಅಲ್ಲಿನ ಸ್ನಗ್ ಹಾರ್ಬರ್‌ನಲ್ಲಿ ಪಿಯಾನೊ ವಾದಕ ಎಲಿಸ್ ಮಾರ್ಸಾಲಿಸ್ ದಶಕಗಳ ಕಾಲ ನುಡಿಸಿದರು. ಒಳ್ಳೆಯ ಗುರುವೂ ಆಗಿದ್ದ ಅವರು 2020ರಲ್ಲಿ ತೀರಿಕೊಂಡರು. ಈ ಬೀದಿಯಲ್ಲಿ ನಿಮ್ಮ ವಯಸ್ಸಿನವರಿಗೆ ಒಂದು ತೊಡಕುಂಟು. ಇಲ್ಲಿನ ಅನೇಕ ಜಾಗಗಳು ಮದ್ಯದಂಗಡಿಗಳು. 21 ತುಂಬದವರನ್ನು ಒಳಗೆ ಬಿಡುವುದಿಲ್ಲ. ಹೋಗುವ ಮುನ್ನ ವಿಚಾರಿಸಿಕೊಳ್ಳಿ. ಪ್ರಿಸರ್ವೇಷನ್ ಹಾಲ್‌ನಲ್ಲಿ ಈ ಕಟ್ಟುಪಾಡಿಲ್ಲ. ಮಕ್ಕಳೂ ಕೂತು ಕೇಳಬಹುದು.

ಬಾಗಿಲು ಮುಚ್ಚಿತೆಂದು ಬೇಸರಪಡಬೇಕಿಲ್ಲ. ಈ ಸಂಗೀತದ ಬೇರು ಇರುವುದೇ ಬಯಲಿನಲ್ಲಿ. ಗುಲಾಮಗಿರಿಯ ಕಾಲದಲ್ಲಿ ಆಫ್ರಿಕಾ ಮೂಲದ ಜನ ಭಾನುವಾರಗಳಂದು ಕಾಂಗೊ ಸ್ಕ್ವೇರ್ ಎಂಬ ಬಯಲಿನಲ್ಲಿ ಸೇರಿ ಮದ್ದಳೆಯಂಥ ವಾದ್ಯಗಳನ್ನು ಬಾರಿಸಿ ಕುಣಿಯುತ್ತಿದ್ದರು. ಆ ಜಾಗ ಇಂದಿಗೂ ಆರ್ಮ್‌ಸ್ಟ್ರಾಂಗ್ ಹೆಸರಿನ ಉದ್ಯಾನದೊಳಗಿದೆ. ಶವಯಾತ್ರೆಗೂ ಅಲ್ಲಿ ವಾದ್ಯಮೇಳವುಂಟು. ಸ್ಮಶಾನದ ಕಡೆಗೆ ವಿಲಂಬದಲ್ಲಿ ಶೋಕಗೀತೆ, ಹಿಂದಿರುಗುವಾಗ ಕುಣಿಸುವ ಲಯ. ಮೇಳದ ಬೆನ್ನುಹತ್ತಿ ಕುಣಿಯುತ್ತಾ ಸಾಗುವ ಜನರಿಗೆ ಸೆಕೆಂಡ್ ಲೈನ್ ಎಂದು ಹೆಸರು. ಸಾವಿನ ಸಂದರ್ಭವಲ್ಲದೆಯೂ, ಬೇಸಿಗೆ ಕಳೆದ ಮೇಲೆ ತಿಂಗಳುಗಟ್ಟಲೆ ಭಾನುವಾರಗಳಂದು ಇಂಥ ಮೆರವಣಿಗೆಗಳು ಕೇರಿಗಳಲ್ಲಿ ಹೊರಡುತ್ತವೆ. ಟಿಕೆಟ್ಟಿಲ್ಲ, ವಯಸ್ಸಿನ ಮಿತಿಯಿಲ್ಲ. ನನ್ನನ್ನು ಕೇಳಿದರೆ ಯಾವ ಕ್ಲಬ್ಬಿಗಿಂತಲೂ ಇದೇ ಮೇಲು.

ಜಾಝ್ ನಮಗೆ ತೀರ ಅಪರಿಚಿತವೇನೂ ಅಲ್ಲ. ಪಲ್ಲವಿಯೊಂದನ್ನು ಹಿಡಿದು ನಮ್ಮ ವಿದ್ವಾಂಸರು ಮನೋಧರ್ಮಕ್ಕೆ ತಕ್ಕಂತೆ ಬೆಳೆಸುವ ಹಾಗೆ, ಅವರೂ ಒಂದು ರಾಗಸಂಚಾರವನ್ನು ಹಿಡಿದು ಸರದಿಯಂತೆ ಬೆಳೆಸುತ್ತಾರೆ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡ, ಅದರಲ್ಲಿ ಗಾಯಕಿ ಆರ್. ಎ. ರಮಾಮಣಿ, ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೊ ಜೊತೆಗೂಡಿ 1983ರಲ್ಲಿ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆಯನ್ನೇ ತಂದಿದ್ದಾರೆ. ಹೊರಡುವ ಮುನ್ನ ಅದನ್ನು ಕೇಳಿಕೊಂಡು ಹೋಗಿ.

ಯಾವ ದಿನ ಯಾರು ಎಲ್ಲಿ ನುಡಿಸುತ್ತಾರೆಂಬುದನ್ನು ಅಲ್ಲಿನ ಡಬ್ಲ್ಯು.ಡಬ್ಲ್ಯು.ಓ.ಝಡ್. ಬಾನುಲಿ ಕೇಂದ್ರ ದಿನಕ್ಕೆ ಹಲವು ಬಾರಿ ಓದಿ ಹೇಳುತ್ತದೆ. 1980ರಲ್ಲಿ ಆರಂಭವಾದ ಕೇಂದ್ರವಿದು. ಕಾರ್ಯಕ್ರಮ ನಡೆಸುವವರು ಸಂಬಳವಿಲ್ಲದ ಸಂಗೀತಪ್ರೇಮಿಗಳು.

ಇನ್ನೊಂದು ಮಾತು. 2005ರ ಕತ್ರಿನಾ ಚಂಡಮಾರುತದಲ್ಲಿ ಊರಿನ ಸುಮಾರು ನೂರಕ್ಕೆ 80 ಭಾಗ ನೀರಿನಲ್ಲಿ ಮುಳುಗಿತು. ಮನೆ, ವಾದ್ಯ ಎರಡನ್ನೂ ಕಳೆದುಕೊಂಡ ಕಲಾವಿದರು ಬೇರೆ ಊರುಗಳಿಗೆ ಚದುರಿಹೋದರು. ಹಿಂದಿರುಗಿದವರಿಗಾಗಿ ವಾದಕರ ಹಳ್ಳಿ ಎಂಬ ಅರ್ಥದ ಹೆಸರಿನಲ್ಲಿ 72 ಮನೆಗಳ ಬಡಾವಣೆಯೊಂದು ಎದ್ದಿತು. ಆದರೆ ಮನೆಯಿದ್ದರೆ ಸಾಲದು, ಗಳಿಕೆಯೂ ಬೇಕು. ಬೀದಿಬದಿಯಲ್ಲಿ ನುಡಿಸುವ ಹಲವರ ಆ ದಿನದ ಸಂಪಾದನೆ ಮುಂದಿಟ್ಟ ಬಕೆಟ್ಟಿನಲ್ಲಿ ಬಿದ್ದಷ್ಟೇ. ಜೇಬಿನಲ್ಲಿ ಒಂದೊಂದು ಡಾಲರಿನ ಕೆಲವು ನೋಟು ಇಟ್ಟುಕೊಂಡು ಹೋಗಿ. ನಿಂತು ಕೇಳಿದ ಕಡೆಯೆಲ್ಲ ಹಾಕಿ.