ಬಿಸಿಲಿಗೆ ಛತ್ರಿ ಎಷ್ಟು ಆಸರೆ?

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಮಾಡಿದ ಭಾಷಣ)



ನಮ್ಮ ಕಡೆಯವರಿಗೆ ಬಿಸಿಲಿನ ಪಾಠ ಯಾರೂ ಹೇಳಬೇಕಾಗಿಲ್ಲ. ಕಂಪ್ಲಿಯ ಗದ್ದೆಯಲ್ಲಿ ನಾಟಿ ಹಚ್ಚುವವರು, ಸಂಡೂರಿನ ಗಣಿಯಲ್ಲಿ ದುಡಿಯುವವರು, ಹಂಪಿಯ ಬಂಡೆಗಳ ನಡುವೆ ಪ್ರವಾಸಿಗರನ್ನು ಕರೆದೊಯ್ಯುವ ಗೈಡುಗಳು, ಹೊಸಪೇಟೆಯ ರಸ್ತೆಬದಿಯಲ್ಲಿ ಹಣ್ಣು ಮಾರುವವರು, ಎಲ್ಲರೂ ಬಿಸಿಲು ಉಂಡವರೇ. ಆದರೆ ಬಿಸಿಲಿನಲ್ಲಿ ಅಡಗಿರುವ ನೇರಳಾತೀತ ಕಿರಣ ಕಣ್ಣಿಗೆ ಕಾಣದು, ಮೈಗೆ ಬಿಸಿಯಾಗಿಯೂ ತಟ್ಟದು. ತಂಪು ಗಾಳಿಯ ದಿನವೂ, ತೆಳು ಮೋಡದ ದಿನವೂ ಅದು ಇದ್ದೇ ಇರುತ್ತದೆ. ವರ್ಷಗಟ್ಟಲೆ ಬಿದ್ದರೆ ಚರ್ಮ ಸುಕ್ಕುಗಟ್ಟುತ್ತದೆ, ಕಣ್ಣಿನಲ್ಲಿ ಪೊರೆ ಬೆಳೆಯುವ ಅಪಾಯ ಹೆಚ್ಚುತ್ತದೆ. ಕಪ್ಪು ಮೈಬಣ್ಣ ಚರ್ಮವನ್ನು ಸ್ವಲ್ಪ ಕಾಯುತ್ತದೆ, ಕಣ್ಣನ್ನು ಕಾಯುವುದಿಲ್ಲ. ಹಾಗಾಗಿ ಛತ್ರಿ ಹುಡುಗಿಯರಿಗೆ ಮಾತ್ರ ಎಂದು ನಗುವ ಹುಡುಗರು ಇದನ್ನು ಯೋಚಿಸಬೇಕು.

ಛತ್ರಿ ಎಷ್ಟು ತಡೆಯುತ್ತದೆ? ಅಮೆರಿಕದ ಎಮರಿ ವಿಶ್ವವಿದ್ಯಾಲಯದ ವೈದ್ಯರು 23 ಛತ್ರಿಗಳನ್ನು ಬಿಸಿಲಲ್ಲಿ ಹಿಡಿದು ಅಳೆದು, ಫಲಿತಾಂಶವನ್ನು 2013ರಲ್ಲಿ ಪ್ರಕಟಿಸಿದರು. ಎಲ್ಲ ಛತ್ರಿಗಳೂ ಕನಿಷ್ಠ ಶೇ. 77ರಷ್ಟು ಕಿರಣ ತಡೆದವು. ಕರಿ ಛತ್ರಿಗಳು ಕನಿಷ್ಠ ಶೇ. 90ರಷ್ಟು ತಡೆದವು. ಅರಸರಿಗೆ ಬೆಳ್ಗೊಡೆ ರಾಜಚಿಹ್ನೆಯಾಗಿತ್ತು. ನಮಗೆ ಅಜ್ಜನ ಕರಿ ಛತ್ರಿಯೇ ಮೇಲು.

ಆದರೆ ಇದು ಬಟ್ಟೆಯ ಲೆಕ್ಕ. ಕಿರಣಗಳು ಸೂರ್ಯನಿಂದ ನೇರವಾಗಿ ಮಾತ್ರ ಬರುವುದಿಲ್ಲ. ಗಾಳಿಯಲ್ಲಿ ಚದುರಿ ಆಕಾಶದ ಎಲ್ಲ ಕಡೆಯಿಂದಲೂ ಬರುತ್ತವೆ, ನೆಲದಿಂದಲೂ ಪುಟಿಯುತ್ತವೆ. ಒಣ ಮರಳು ಸುಮಾರು ಶೇ. 15ರಷ್ಟನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಟೆಕ್ಸಾಸಿನ ಒಂದು ಕೆರೆಯ ದಂಡೆಯಲ್ಲಿ ನಡೆದ, 2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ದೊಡ್ಡ ಛತ್ರಿಯಡಿ ಮೂರೂವರೆ ತಾಸು ಕುಳಿತ ತಿಳಿಬಣ್ಣದವರಲ್ಲಿ 100ಕ್ಕೆ 78 ಮಂದಿಯ ಚರ್ಮ ಸುಟ್ಟಿತ್ತು. ಛತ್ರಿಯ ಜೊತೆಗೆ ತುಂಬುತೋಳಿನ ಅಂಗಿಯೂ ಬೇಕು ಎಂಬುದು ಇದರ ಅರ್ಥ. ನಾಟಿಯಲ್ಲಿ ಎರಡೂ ಕೈಗೆ ಕೆಲಸವಿರುವ ತಾಯಂದಿರಿಗೆ ಛತ್ರಿ ಹಿಡಿಯಲಾಗದು. ಅವರಿಗೆ ತಲೆಯ ಮೇಲಿನ ಸೆರಗು, ಅದರ ಮೇಲೊಂದು ಅಗಲವಾದ ಟೋಪಿ, ಮೇಲೊಂದು ಹಳೆಯ ತುಂಬುತೋಳಿನ ಅಂಗಿಯೇ ಆಸರೆ.

ಮಕ್ಕಳೇ, ಇದಕ್ಕೆ ಯಂತ್ರ ಬೇಡ, ನಿಮ್ಮ ನೆರಳೇ ಸಾಕು. ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಕಿರಣ ಜೋರಾಗಿದೆ ಎಂದು ತಿಳಿಯಿರಿ. ಮೇ ಮೊದಲ ವಾರದಲ್ಲೂ ಆಗಸ್ಟ್ ಎರಡನೇ ವಾರದಲ್ಲೂ ನಡುಮಧ್ಯಾಹ್ನ ಸೂರ್ಯ ನಮ್ಮ ನೆತ್ತಿಯ ಮೇಲೇ ಬರುತ್ತಾನೆ. ಆಗ ಅಂಗಳದಲ್ಲಿ ಒಂದು ಕೋಲು ನೆಟ್ಟು ನೋಡಿ, ನೆರಳೇ ಕಾಣದು.

ಕೊನೆಗೆ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಸುವರ್ಣ ಮಹೋತ್ಸವದ ನೆನಪಿಗೆ ಕಮಾನು ಕಟ್ಟಿಸುವ ಮಾತು ಕೇಳಿಬಂದಿದೆ. ಸಂತೋಷ. ಅದಕ್ಕೂ ಮೊದಲು ಪ್ರಾರ್ಥನೆಯ ಅಂಗಳದ ಸುತ್ತ ಬೇವು, ಹೊಂಗೆ ನೆಟ್ಟು, ಮೂರು ಬೇಸಿಗೆ ನೀರು ಹಾಕುವ ಹೊಣೆ ಹೊರೋಣ. ಛತ್ರಿ ಒಬ್ಬರಿಗೆ ನೆರಳು. ಮರ ಒಂದು ತರಗತಿಗೇ ನೆರಳು. ಶಾಲೆಯ ನೂರನೇ ವರ್ಷಕ್ಕೆ ಬರುವ ಮಕ್ಕಳು ಆ ನೆರಳಿನಲ್ಲಿ ಕೂಡಲಿ.