ಸೂರಿನ ಮೇಲಿನ ಬಿಸಿಲು



ಎಲ್ಲೂರಿನ 1200 ಮೆಗಾವಾಟ್ ಸ್ಥಾವರವನ್ನು ಕಟ್ಟಿದ್ದೇ ಪರದೇಶದ ಕಲ್ಲಿದ್ದಲನ್ನು ನಂಬಿ. ಹೊಗೆ, ಬೂದಿ ಮಾತ್ರ ನೆರೆಯ ರೈತನ ಪಾಲು. ಬಿಸಿಲಿಗೆ ಹಡಗೂ ಬೇಡ, ದಲ್ಲಾಳಿಯೂ ಬೇಡ. ಆದರೆ ಫಲಕಕ್ಕೆ ಮುಂಗಡವಾಗಿ ಗಂಟು ಬೇಕು. ಗೇರುಬೀಜ ಕಾರ್ಖಾನೆಯ ಹೆಂಗಸರಿಗೆ, ಬೈಂದೂರಿನ ಚಿಲ್ಲರೆ ಅಂಗಡಿಯವನಿಗೆ ಅದೆಲ್ಲಿಂದ ಬರಬೇಕು? ಹಂದಟ್ಟು ಮೂಲದ ಹರೀಶ್ ಹಂದೆಯವರು 1995ರಲ್ಲಿ ನೆವಿಲ್ ವಿಲಿಯಮ್ಸರೊಡನೆ ಸೆಲ್ಕೋ ಕಟ್ಟಿ, ಬ್ಯಾಂಕು ಸಾಲದ ಕಂತಿನಲ್ಲಿ ಬಡವರಿಗೂ ದೀಪ ಸಾಧ್ಯವೆಂದು ತೋರಿಸಿದರು.

2024ರ ಸೂರ್ಯಘರ್ ಯೋಜನೆ ಮನೆಯೊಂದಕ್ಕೆ ಗರಿಷ್ಠ 78,000 ರೂಪಾಯಿ ಸಹಾಯಧನ ಕೊಡುತ್ತದೆ. ಆದರೆ ಸ್ವಂತ ಸೂರಿಲ್ಲದ ಬಾಡಿಗೆದಾರನ ಗತಿಯೇನು? ಆಸಾಡಿ ಮಳೆಗೆ ಫಲಕ ಮಂಕಾಗುವುದು ನಿಜ; ಅದಕ್ಕೇ ಮೆಸ್ಕಾಂ ತಂತಿಯ ಜೋಡಣೆ ಇರಲಿ. ಕುಂದಾಪುರ, ಬ್ರಹ್ಮಾವರಗಳ ಶಾಲೆ, ಮಾರುಕಟ್ಟೆಗಳ ಮಾಡಿನ ಮೇಲೆ ಕೂಡುಫಲಕ ಹಾಕಿ, ಬಾಡಿಗೆದಾರನ ಪಾಲನ್ನು ಅವನ ಬಿಲ್ಲಿನಲ್ಲೇ ವಜಾ ಮಾಡಲಿ. ಈ ಬೇಡಿಕೆಯ ಮನವಿಗೆ ಇಂದೇ ಸಹಿ ಹಾಕಿ.