ಕನ್ನಡಿಗೆ ಕಾಣದ ಎರಡು ತಿಂಗಳು



ಹೊಸ ವರ್ಷದ ಮೊದಲ ವಾರ ಯಾವ ಊರಿನ ಜಿಮ್‌ಗೆ ಹೋದರೂ ಕಾಲಿಡಲು ಜಾಗವಿರುವುದಿಲ್ಲ. ಟ್ರೆಡ್‌ಮಿಲ್ ಹತ್ತಲು ಸರದಿ, ಡಂಬೆಲ್ ಕೈಗೆ ಸಿಗಲು ಸರದಿ. ಶಿವರಾತ್ರಿ ಕಳೆದು ಯುಗಾದಿ ಹತ್ತಿರ ಬರುವ ಹೊತ್ತಿಗೆ ಅದೇ ಜಿಮ್ ಬಣಬಣ ಎನ್ನುತ್ತಿರುತ್ತದೆ. ವರ್ಷದ ಫೀಸು ಒಟ್ಟಿಗೇ ಕಟ್ಟಿದವರು, ಹೊಸ ಶೂ ಕೊಂಡವರು ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸಿರುತ್ತಾರೆ. ಅವರನ್ನು ಸೋಮಾರಿಗಳು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಮಕ್ಕಳಿಗೆ ಡಬ್ಬಿ ಕಟ್ಟಿ, ಬಸ್ಸು ಹಿಡಿದು ಕೆಲಸಕ್ಕೆ ಹೋಗಿ, ಸಂಜೆ ಸುಸ್ತಾಗಿ ಮನೆ ಸೇರುವ ಜನ ಸೋಮಾರಿಗಳಾಗಲು ಹೇಗೆ ಸಾಧ್ಯ? ಅವರು ಅರ್ಧಕ್ಕೇ ಬಿಟ್ಟಿದ್ದಕ್ಕೆ ಬೇರೆಯೇ ಕಾರಣವಿದೆ. ಅದು ಮೊದಲೇ ಗೊತ್ತಿದ್ದರೆ ಬಹಳ ಮಂದಿ ಉಳಿದುಕೊಳ್ಳುತ್ತಿದ್ದರು. ಇವತ್ತು ಅದರ ಬಗ್ಗೆ ನಾಲ್ಕು ಮಾತು.

ಮೊದಲ ದಿನ ಜಿಮ್‌ ಬಾಗಿಲು ದಾಟಿದವರ ಪಾಡನ್ನು ನೆನೆಸಿಕೊಳ್ಳಿ. ಗೋಡೆಯುದ್ದಕ್ಕೂ ಕನ್ನಡಿ. ಪಕ್ಕದಲ್ಲೊಬ್ಬ ಹುಡುಗ ರಾಡ್‌ನ ಎರಡೂ ತುದಿಗೆ ದಪ್ಪ ದಪ್ಪ ಪ್ಲೇಟು ಏರಿಸಿಕೊಂಡು ಬಸ್ಕಿ ಹೊಡೆಯುತ್ತಿದ್ದಾನೆ. ಟ್ರೈನರ್ ನಮ್ಮ ಕೈಗೆ ಬರೀ ರಾಡ್ ಕೊಡುತ್ತಾರೆ, ಒಂದು ಪ್ಲೇಟೂ ಇರುವುದಿಲ್ಲ. ಆದರೂ ಎತ್ತುವಾಗ ಕೈ ನಡುಗುತ್ತದೆ, ಒಂದು ತುದಿ ಮೇಲಾಗಿ ಇನ್ನೊಂದು ತುದಿ ಕೆಳಗಾಗಿ ಓಲಾಡುತ್ತದೆ. ಎಲ್ಲರೂ ನಮ್ಮನ್ನೇ ನೋಡುತ್ತಿದ್ದಾರೆ ಅನ್ನಿಸುತ್ತದೆ. ಆ ನಾಚಿಕೆ ಬೇಡವೇ ಬೇಡ. ಸ್ಪರ್ಧೆಗಳಲ್ಲಿ ಗಂಡಸರು ಬಳಸುವ ರಾಡ್ ಪ್ಲೇಟಿಲ್ಲದೆಯೇ 20 ಕಿಲೋ ತೂಗುತ್ತದೆ, ಹೆಂಗಸರದ್ದು 15 ಕಿಲೋ. ಜಿಮ್‌ಗಳಲ್ಲಿರುವ ಉದ್ದನೆಯ ರಾಡ್ ಕೂಡ ಸಾಮಾನ್ಯವಾಗಿ ಹೆಚ್ಚುಕಡಿಮೆ ಅಷ್ಟೇ ಭಾರ. ಅದನ್ನು ಮೊದಲ ದಿನವೇ ಎತ್ತಿ ಇಳಿಸಿದವರು ತಲೆ ತಗ್ಗಿಸಬೇಕಾಗಿಲ್ಲ. ಅದೂ ಭಾರವೆನಿಸಿದರೆ ಎರಡು ಕಿಲೋ ಡಂಬೆಲ್‌ನಿಂದ ಶುರುಮಾಡಿದರೂ ಆಯಿತು.

‘ಇದು ನಮ್ಮಂಥವರಿಗಲ್ಲ’ ಎಂಬ ಇನ್ನೊಂದು ಅಳುಕೂ ಇರುತ್ತದೆ. ಆದರೆ ಸಾಮು ಮಾಡಿ ಮೈ ಹುರಿಗಟ್ಟಿಸುವುದು ನಮ್ಮ ನಾಡಿಗೆ ಹೊಸದಲ್ಲ. ಮೈಸೂರಿನ ಗರಡಿ ಮನೆಗಳಲ್ಲಿ ಉಸ್ತಾದರ ಕಣ್ಣೆದುರು ದಂಡ, ಬಸ್ಕಿ, ಗದೆ ತಿರುಗಿಸುವುದು ಎಲ್ಲವೂ ತಲೆಮಾರುಗಳಿಂದ ನಡೆದುಬಂದಿವೆ. ಅಲ್ಲಿ ಕುಸ್ತಿ ಮಟ್ಟಿಯ ಮಣ್ಣನ್ನು ಅಗೆದು ಹದಮಾಡುವುದೂ ಒಂದು ಸಾಮು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ಕಟ್ಟಿದ ಕೆ. ವಿ. ಅಯ್ಯರ್ ಅವರು ದೂರದ ಊರಿನವರಿಗೆ ಅಂಚೆಯ ಮೂಲಕವೂ ದೇಹದಾರ್ಢ್ಯದ ಪಾಠ ಕಳಿಸುತ್ತಿದ್ದರು. ಭಾರ ಎತ್ತುವುದರ ಜೊತೆಗೆ ಸೂರ್ಯ ನಮಸ್ಕಾರವೂ ಇರಬೇಕು ಎಂದು ಹೇಳಿದವರು ಅವರು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ನಮಗೆ ಕೊಟ್ಟವರೂ ಅದೇ ಅಯ್ಯರ್. ಓದು ಬರಹದವರಿಗೆ ವ್ಯಾಯಾಮ ಹೇಳಿಸಿದ್ದಲ್ಲ ಎನ್ನುವವರು ಅವರೊಬ್ಬರನ್ನು ನೆನೆದರೂ ಸಾಕು.

ಇನ್ನು ಮಾರನೆಯ ದಿನದ ಪರೀಕ್ಷೆ. ಮೆಟ್ಟಿಲು ಇಳಿಯುವಾಗ ತೊಡೆ ಹಿಡಿದುಕೊಳ್ಳುತ್ತದೆ. ತಲೆ ಬಾಚಲು ಕೈ ಎತ್ತಿದರೆ ತೋಳು ಮಾತು ಕೇಳುವುದಿಲ್ಲ. ಈ ಮೈಕೈ ನೋವು ವ್ಯಾಯಾಮ ಮುಗಿದ ಅರ್ಧ ದಿನದಿಂದ ಒಂದು ದಿನದೊಳಗೆ ಶುರುವಾಗುತ್ತದೆ, ಎರಡನೆಯ ಮೂರನೆಯ ದಿನ ಜಾಸ್ತಿಯಾಗುತ್ತದೆ, ಆಮೇಲೆ ತಾನಾಗಿಯೇ ಇಳಿಯುತ್ತದೆ. ರೂಢಿಯಿಲ್ಲದ ಕೆಲಸ ಮಾಡಿದಾಗ ಸ್ನಾಯುವಿನ ಎಳೆಗಳಿಗೆ ಆಗುವ ಅತಿ ಸಣ್ಣ ಗಾಸಿ ಅದಕ್ಕೆ ಕಾರಣ. ದೇಹ ಅದನ್ನು ತಾನೇ ಸರಿಮಾಡಿಕೊಳ್ಳುತ್ತದೆ. ಮುಂದಿನ ಸಲ ಅದೇ ಕೆಲಸಕ್ಕೆ ಅಷ್ಟು ನೋವಾಗುವುದಿಲ್ಲ. ಆದ್ದರಿಂದ ಮೊದಲ ವಾರ ‘ಇನ್ನೂ ಸ್ವಲ್ಪ ಮಾಡಬಹುದಿತ್ತು’ ಅನ್ನಿಸುವಾಗಲೇ ನಿಲ್ಲಿಸಿಬಿಡಿ. ಕೀಲಿನಲ್ಲಿ ಚುಚ್ಚಿದಂಥ ನೋವು, ಎದೆಯಲ್ಲಿ ಬಿಗಿತ, ತಲೆಸುತ್ತು ಬಂದರೆ ಮಾತ್ರ ಉದಾಸೀನ ಮಾಡದೆ ವೈದ್ಯರನ್ನು ಕಾಣಿ. ಬಿ.ಪಿ., ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿಕೊಂಡೇ ಜಿಮ್ ಸೇರಬೇಕು.

ಇಷ್ಟನ್ನು ಬಹಳ ಮಂದಿ ದಾಟಿಬಿಡುತ್ತಾರೆ. ಕಷ್ಟ ಬರುವುದು ಮೂರನೆಯ ನಾಲ್ಕನೆಯ ವಾರದಲ್ಲಿ. ನೋವು ಹೋಗಿದೆ, ರಾಡ್ ಓಲಾಡುವುದು ನಿಂತಿದೆ, ಕನ್ನಡಿಯಲ್ಲಿ ಮಾತ್ರ ಅದೇ ತೋಳು, ಅದೇ ಹೊಟ್ಟೆ. ‘ಇಷ್ಟೆಲ್ಲ ಮಾಡಿಯೂ ಏನು ಬಂತು?’ ಎಂದು ಮನಸ್ಸು ಕುಸಿಯುವುದು ಆಗಲೇ.

ಕೇಳುಗರೇ, ಬಂದದ್ದು ಬಹಳವಿದೆ. ಹೊಸಬರಿಗೆ ಮೊದಲ ವಾರಗಳಲ್ಲಿ ಬರುವ ಬಲ ಹೆಚ್ಚಾಗಿ ಮಿದುಳು ಮತ್ತು ನರಗಳ ಕಲಿಕೆಯಿಂದ ಬಂದದ್ದು. ಇರುವ ಸ್ನಾಯುವಿನಲ್ಲಿ ಇನ್ನಷ್ಟು ಎಳೆಗಳನ್ನು ಒಟ್ಟಿಗೆ ದುಡಿಸುವುದು, ಯಾವ ಸ್ನಾಯು ಎಳೆಯಬೇಕು, ಯಾವುದು ಸಡಿಲ ಬಿಡಬೇಕು ಎಂಬುದನ್ನು ಹೊಂದಿಸುವುದು, ಇವೆಲ್ಲ ಮೊದಲು ನಡೆಯುತ್ತವೆ. ಓಲಾಡುತ್ತಿದ್ದ ರಾಡ್ ನೆಟ್ಟಗೆ ನಿಂತದ್ದೇ ಅದರ ಗುರುತು. ಸ್ನಾಯು ಹೊರಗಣ್ಣಿಗೆ ಕಾಣುವಷ್ಟು ತುಂಬಿಕೊಳ್ಳಲು ಸಾಮಾನ್ಯವಾಗಿ ಎರಡು ಮೂರು ತಿಂಗಳ ಬಿಡದ ದುಡಿಮೆ ಬೇಕು. ಕನ್ನಡಿಯನ್ನೇ ನಂಬಿದವರು ಇದೇ ಎರಡು ತಿಂಗಳೊಳಗೆ ಮನೆಗೆ ವಾಪಸಾಗುತ್ತಾರೆ.

ಹಾಗಾದರೆ ಯಾವುದನ್ನು ನಂಬಬೇಕು? ನಮ್ಮ ಬಡಾವಣೆಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರಿದ್ದಾರೆ. ಮಂಡಿ ಹಿಡಿತವೆಂದು ವೈದ್ಯರ ಸಲಹೆ ಪಡೆದು ಜಿಮ್ ಸೇರಿದರು. ಟ್ರೈನರ್ ಅವರಿಗೆ ಮೊದಲು ಹೇಳಿಕೊಟ್ಟದ್ದು ಕುರ್ಚಿಯಿಂದ ಕೈ ಊರದೆ ಏಳುವುದನ್ನು, ಮತ್ತೆ ನಿಧಾನವಾಗಿ ಕೂರುವುದನ್ನು. ಅಷ್ಟೇ. ಅವರು ತೆಳ್ಳನೆಯ ನೋಟ್‌ಬುಕ್ಕಿನಲ್ಲಿ ದುಂಡನೆಯ ಅಕ್ಷರದಲ್ಲಿ ತಾರೀಖು ಹಾಕಿ, ಎಷ್ಟು ಸಲ ಎದ್ದೆ ಎಂದು ಬರೆದಿಡುತ್ತಾ ಬಂದರು. ಐದು, ಐದು, ಆರು, ಮತ್ತೆ ಐದು, ಏಳು. ಮುಂದಿನ ಪುಟಗಳಲ್ಲಿ ಕುರ್ಚಿಯ ಬದಲು ತಗ್ಗಿನ ಸ್ಟೂಲು, ಕೈಯಲ್ಲಿ ಪುಟ್ಟ ಡಂಬೆಲ್. ಒಂದು ಪುಟದ ಕೊನೆಗೆ ಅಂಕಿಯ ಬದಲು ಹೀಗೆ ಬರೆದಿದ್ದರು: ‘ಮದುವೆ ಮನೆಯಲ್ಲಿ ಪಂಕ್ತಿಯಲ್ಲಿ ಕೂತು ಉಂಡೆ. ಯಾರ ಕೈಯನ್ನೂ ಹಿಡಿಯದೆ ಎದ್ದೆ.’ ಕನ್ನಡಿ ಹೇಳದಿದ್ದ ಸಂಗತಿಯನ್ನು ಆ ಪುಸ್ತಕ ಪುಟಪುಟದಲ್ಲೂ ಹೇಳುತ್ತಿತ್ತು. ನಿಮ್ಮ ಬಳಿಯೂ ಅಂಥದೊಂದು ಪುಸ್ತಕವಿರಲಿ. ಎಷ್ಟು ಭಾರ, ಎಷ್ಟು ಸೆಟ್, ಎಷ್ಟು ಸಲ ಎಂದು ಬರೆಯಿರಿ. ಸುಸ್ತಿಲ್ಲದೆ ಹತ್ತಿದ ಮೆಟ್ಟಿಲು, ತುಂಬಿದ ಬಿಂದಿಗೆ ಎತ್ತುವಾಗ ಹಿಡಿಯದ ಸೊಂಟ, ಇವನ್ನೂ ಬರೆಯಿರಿ.

ಪಳಗಿದವರಿಗೂ ಏಳಿಗೆ ಬರುವುದು ಇಷ್ಟಿಷ್ಟಾಗಿಯೇ. ಕುಂದಾಪುರ ಕಡೆಯ ಹಳ್ಳಿಯ ಗುರುರಾಜ ಪೂಜಾರಿ ಉಜಿರೆಯ ಕಾಲೇಜಿನಲ್ಲಿ ಓದುವಾಗ ಭಾರ ಎತ್ತುವುದನ್ನು ಕಲಿತವರು. 2018ರಲ್ಲಿ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕಿಲೋ ವಿಭಾಗದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ ಗೆದ್ದರು. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ, ಈ ಸಲ 61 ಕಿಲೋ ವಿಭಾಗದಲ್ಲಿ, 269 ಕಿಲೋ ಎತ್ತಿ ಕಂಚು ತಂದರು. ಎರಡು ಪದಕಗಳ ನಡುವೆ ನಾಲ್ಕು ವರ್ಷ. ಹೆಚ್ಚಿದ್ದು 20 ಕಿಲೋ. ಬದುಕನ್ನೇ ಇದಕ್ಕೆ ಮುಡಿಪಿಟ್ಟ ಆಟಗಾರ ಅಷ್ಟು ಕಾಯುವಾಗ, ನಾವು ನಾಲ್ಕು ವಾರಕ್ಕೆ ಬೇಸರಪಟ್ಟುಕೊಳ್ಳುವುದು ಬೇಡ.

ಜಿಮ್‌ಗೆ ಹೋಗುವುದು ಯಾವಾಗ ರೂಢಿಯಾಗುತ್ತದೆ? ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಮಂದಿಯನ್ನು ಗಮನಿಸಿದ ಒಂದು ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಅವರೆಲ್ಲ ದಿನವೂ ಮಾಡುವ ಒಂದೊಂದು ಹೊಸ ಕೆಲಸ ಆರಿಸಿಕೊಂಡಿದ್ದರು. ಯೋಚಿಸದೆ ಮಾಡುವಷ್ಟು ಅದು ರೂಢಿಯಾಗಲು ಸುಮಾರು 66 ದಿನ ಬೇಕೆಂದು ಲೆಕ್ಕ ಸಿಕ್ಕಿತು. ಕೆಲವರಿಗೆ 18 ದಿನವೇ ಸಾಕಾಗಿತ್ತು, ಕೆಲವರಿಗೆ 254 ದಿನದವರೆಗೆ ಬೇಕಾಗುವ ಅಂದಾಜು. ಆ ಅಧ್ಯಯನ ಹೇಳಿದ ಇನ್ನೊಂದು ಮಾತು ನನಗೆ ಬಹಳ ಸಮಾಧಾನ ಕೊಟ್ಟಿದೆ: ನಡುವೆ ಒಂದು ದಿನ ತಪ್ಪಿದರೆ ರೂಢಿ ಕೆಡುವುದಿಲ್ಲ. ಜ್ವರ ಬರುತ್ತದೆ, ಮನೆಗೆ ನೆಂಟರು ಬರುತ್ತಾರೆ, ಮಕ್ಕಳ ಪರೀಕ್ಷೆ ಇರುತ್ತದೆ. ತಪ್ಪಿದ ದಿನಕ್ಕೆ ದಂಡ ಕಟ್ಟುವಂತೆ ಮರುದಿನ ಎರಡರಷ್ಟು ಮಾಡಲು ಹೋಗಬೇಡಿ. ಎಂದಿನಷ್ಟೇ ಮಾಡಿ ಬನ್ನಿ.

ಮೈ ಗಟ್ಟಿ ಮಾಡುವ ವ್ಯಾಯಾಮ ವಾರಕ್ಕೆ ಎರಡು ದಿನವಾದರೂ ಇರಲಿ, ಜೊತೆಗೆ ಬಿರುಸು ನಡಿಗೆಯಂಥದ್ದು ವಾರಕ್ಕೆ 150 ನಿಮಿಷವಾದರೂ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೊಸಬರು ಏಳೂ ದಿನ ಹೋಗುತ್ತೇನೆಂದು ಪಣ ತೊಡುವುದಕ್ಕಿಂತ ಎರಡು ಮೂರು ದಿನಗಳನ್ನು ಗೊತ್ತುಮಾಡಿಕೊಳ್ಳುವುದು ಮೇಲು. ಹೊತ್ತು ಬದಲಾಗದಿರಲಿ. ಬಟ್ಟೆ, ನೀರಿನ ಬಾಟಲಿ ರಾತ್ರಿಯೇ ಸಿದ್ಧವಾಗಿರಲಿ. ಬರದಿದ್ದರೆ ಫೋನು ಮಾಡಿ ಕೇಳುವ ಗೆಳೆಯನೋ ಗೆಳತಿಯೋ ಜೊತೆಗಿದ್ದರೆ ಅರ್ಧ ಕೆಲಸ ಮುಗಿದಂತೆ. ಮನಸ್ಸಿಲ್ಲದ ದಿನ ‘ಹತ್ತು ನಿಮಿಷ ಮಾಡಿ ಬರುತ್ತೇನೆ’ ಎಂದುಕೊಂಡು ಹೊರಡಿ. ಹುರುಪು ಅನೇಕ ಸಲ ಮೈ ಬೆಚ್ಚಗಾದ ಮೇಲೆ ಬರುತ್ತದೆ.

ಮೂವತ್ತು ದಾಟಿದ ಮೇಲೆ ಸುಮ್ಮನಿದ್ದರೆ ಸ್ನಾಯು ವರ್ಷವರ್ಷಕ್ಕೂ ಸ್ವಲ್ಪ ಸ್ವಲ್ಪ ಕರಗುತ್ತದೆ. ಈಗ ದುಡಿಸಿ ಉಳಿಸಿಕೊಂಡ ಬಲವೇ ಎಪ್ಪತ್ತರಲ್ಲಿ ನಮ್ಮನ್ನು ಹಾಸಿಗೆಯಿಂದ ಎಬ್ಬಿಸಬೇಕು, ಬಸ್ಸಿನ ಮೆಟ್ಟಿಲು ಹತ್ತಿಸಬೇಕು, ಮೊಮ್ಮಗುವನ್ನು ಎತ್ತಿಕೊಳ್ಳುವಂತೆ ಮಾಡಬೇಕು. ಹೊಸದಾಗಿ ಜಿಮ್ ಸೇರಿದವರಲ್ಲಿ ನನ್ನ ಕೋರಿಕೆ ಇಷ್ಟೇ. ‘ಏನೂ ಬದಲಾಗಲಿಲ್ಲ, ಬಿಟ್ಟುಬಿಡೋಣ’ ಅನ್ನಿಸುವ ದಿನವೊಂದು ಬಂದೇ ಬರುತ್ತದೆ. ಅಂದು ನಿಮ್ಮ ಪುಸ್ತಕದ ಮೊದಲ ಪುಟ ತೆರೆದು, ಮೊದಲ ದಿನದ ಅಂಕಿಯನ್ನು ಓದಿಕೊಂಡು, ಆಮೇಲೆ ಜಿಮ್‌ಗೆ ಹೊರಡಿ.